ಮೊದಲ ಕ್ಯಾನು

ಕಡೂರು ಸೀಮೆಯ ನಮ್ಮೂರ ಹಾಲಿನ ಡೈರಿಯ ಕಾರ್ಯದರ್ಶಿ, ಹೊಸದೇನೇ ಬಂದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಇರ್ರಿ, ಮೊದ್ಲು ನಂದಾಗ್ಲಿ" ಎನ್ನುತ್ತಿದ್ದರು. ನಾನು ಅಲ್ಲಿ ನಿರ್ದೇಶಕ. ನನ್ನ ಮುಖ್ಯ ಕೆಲಸ ಹೆದರುವುದು.

ಹಾಲು ಪರೀಕ್ಷಿಸುವ ಯಂತ್ರ ಬಂದ ದಿನ ಬೆಳಿಗ್ಗೆ ಕ್ಯಾನುಗಳು ಸಾಲಾಗಿ ನಿಂತವು, ಜನ ಮಾತ್ರ ಮುಂದೆ ಬರಲಿಲ್ಲ. ಅಷ್ಟು ದಿನ ಹಾಲಿಗಿಂತ ಹೆಚ್ಚಾಗಿ ತಂದವರ ಮುಖ ನೋಡಿಯೇ ಒಪ್ಪಿಕೊಳ್ಳುತ್ತಿದ್ದೆವು.

"ಈ ಮಿಷಿನ್ ನಮ್ ಮಾನ ಕಳೀತದೆ. ನಾಳೆಯಿಂದ ಪ್ರೈವೇಟ್ ವ್ಯಾನಿಗೆ ಹಾಕ್ತೀವಿ ಕಣವ್ವ" ಎಂದರು ಹಳೆಯ ಸದಸ್ಯರಾದ ಒಬ್ಬ ಅಜ್ಜ. ಹಾಗಾದರೆ ಡೈರಿಗೆ ಬೀಗವೇ. ಯಂತ್ರವನ್ನು ವಾಪಸ್ ಕಳಿಸೋಣವೆಂದು ನಾನು ಕಾರ್ಯದರ್ಶಿಯ ಕಿವಿಯಲ್ಲಿ ಪಿಸುಗುಟ್ಟಿದೆ.

ಅವರು ತಮ್ಮ ಮನೆಯ ಹಾಲನ್ನೇ ಮೊದಲು ಸುರಿದರು. ಬಗ್ಗಿ ಯಂತ್ರದ ಪರದೆಯನ್ನು ಓದಿದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಂದ್ರಲ್ಲೇ ನೀರೈತಂತೆ ಕಣ್ರೀ! ನಮ್ಮತ್ತೇರ್ನ ವಿಚಾರಿಸ್ಬೇಕು" ಎಂದರು.

ಸಾಲಿಗೆ ಸಾಲೇ ನಕ್ಕಿತು. "ಹಂಗಾದ್ರೆ ನಿಂದಕ್ಕಿಂತ ನಂದೇ ಗಟ್ಟಿ, ನೋಡು ಬೇಕಾದ್ರೆ" ಎಂದು ಅಜ್ಜ ತಮ್ಮ ಕ್ಯಾನನ್ನು ಮುಂದಕ್ಕೆ ತಳ್ಳಿದರು. ಅವರ ಹಿಂದೆ ಎಲ್ಲರೂ ನುಗ್ಗಿದರು.

ನಾನು ನಿರ್ದೇಶಕನಿಗೆ ತಕ್ಕ ಗಾಂಭೀರ್ಯದಿಂದ ಎಲ್ಲರಿಗೂ ದಾರಿ ಬಿಟ್ಟು, ನನ್ನ ಕ್ಯಾನನ್ನು ಸಾಲಿನ ಕೊನೆಗೆ ಒಯ್ದಿಟ್ಟೆ.