ದೊಡ್ಡ ಮಿಸ್ಸು ಕೇಳುತ್ತಿದ್ದ ಮನೆವಾರ್ತೆ

ಚಳಿಗಾಲದ ಬೆಳಗ್ಗೆ ದೊಡ್ಡ ಮಿಸ್ಸಿನ ಕಿವಿಗಳೆರಡೂ ಕೆಂಪಗೆ ಕಾದಂತಿರುತ್ತಿದ್ದವು. ಬಸ್ಸಿನಿಂದ ಇಳಿದು ಶಾಲೆಯ ಗೇಟಿನವರೆಗೂ ಬೂದು ಬಣ್ಣದ ಮಫ್ಲರನ್ನು ತಲೆಗೆ ಸುತ್ತಿ ಗಲ್ಲದ ಕೆಳಗೆ ಬಿಗಿಯಾಗಿ ಗಂಟು ಹಾಕಿಕೊಂಡೇ ಬರುವರು. ಪ್ರಾರ್ಥನೆಯ ಗಂಟೆ ಹೊಡೆದ ಕೂಡಲೇ ಅದನ್ನು ಬಿಚ್ಚಿ ಕೈಚೀಲಕ್ಕೆ ತುರುಕುವರು. ಹೊಳೆಯ ಕಡೆಯಿಂದ ಬರುವ ಕುಳಿರ್ಗಾಳಿ ಕಿವಿಯನ್ನು ಕತ್ತರಿಸುತ್ತಿದ್ದರೂ ಹಾಗೇ ನಿಲ್ಲುವರು. ನೆಗಡಿಯಾಗುತ್ತದೆ, ಕಟ್ಟಿಕೊಂಡಿರಿ ಮೇಡಂ ಎಂದು ನಾನು ಒಮ್ಮೆ ಹೇಳಿದ್ದಕ್ಕೆ, "ಕಿವಿ ಮುಚ್ಕೊಂಡು ನಿಂತ್ರೆ ಮಕ್ಕಳು ಹೇಳಿದ್ದು ಹೇಗೆ ಕೇಳ್ಸುತ್ತೆ ಟೀಚರ್?" ಎಂದಿದ್ದರು.

ಅವರು ನಮ್ಮ ಶಾಲೆಯ ಮುಖ್ಯ ಶಿಕ್ಷಕಿ. ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದಿಂದ ಸ್ವಲ್ಪ ದೂರದ ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಅದು. ಇರುವವರೇ ನಾವಿಬ್ಬರು. ಊರಿನ ಬಾಯಲ್ಲಿ ಅವರು ದೊಡ್ಡ ಮಿಸ್ಸು, ನಾನು ಚಿಕ್ಕ ಮಿಸ್ಸು. ನಾನು ಚನ್ನರಾಯಪಟ್ಟಣದ ಕಡೆ ಬಾಗೂರಿನವಳು. ಅವರು ಶ್ರವಣಬೆಳಗೊಳದ ಹತ್ತಿರದ ಜೈನರ ಮನೆಯವರು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಬಂದ ನನಗೆ ರಾಮನಾಥಪುರದಲ್ಲಿ ಮನೆ ಸಿಗದೆ ಪರದಾಡುವಾಗ ತಮ್ಮ ಬಾಡಿಗೆ ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟರು. ಮದುವೆಯಾಗುವ ತನಕ ನಾನು ಅಲ್ಲೇ ಇದ್ದೆ.

ಹೊತ್ತು ಮುಳುಗುವ ಮೊದಲೇ ಅವರ ರಾತ್ರಿಯೂಟ ಮುಗಿಯಬೇಕು. ಚಳಿಗಾಲದಲ್ಲಿ ಹೊತ್ತು ಬೇಗ ಇಳಿಯುತ್ತದಲ್ಲ, ಶಾಲೆಯಿಂದ ಬಂದವರೇ ಕಾಲು ತೊಳೆದು ತಟ್ಟೆಯ ಮುಂದೆ ಕೂರುವರು. ಬಿಸಿಯೂಟದ ಸಾರಿನಲ್ಲಿ ಈರುಳ್ಳಿ, ಆಲೂಗಡ್ಡೆ ಇರುವುದರಿಂದ ಅದನ್ನು ಮುಟ್ಟುತ್ತಿರಲಿಲ್ಲ. ಆದರೆ ತಮ್ಮ ಡಬ್ಬಿ ಹಿಡಿದುಕೊಂಡು ಮಕ್ಕಳ ಪಂಕ್ತಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಿದ್ದರು. ಮಕ್ಕಳನ್ನು ಗದರಿದ್ದು ನಾನು ಕಾಣೆ. ಸಿಟ್ಟು ಬಂದಾಗ ಅವರ ದನಿ ಇನ್ನೂ ಸಣ್ಣಗಾಗುತ್ತಿತ್ತು. ಆಗ ಇಡೀ ಕೋಣೆ ಸುಮ್ಮನಾಗುತ್ತಿತ್ತು.

ಪ್ರಾರ್ಥನೆಯಾದ ಮೇಲೆ ದಿನಪತ್ರಿಕೆಯ ಮುಖ್ಯ ಸುದ್ದಿ ಓದಿಸುವುದು ಎಲ್ಲ ಶಾಲೆಗಳಲ್ಲೂ ಇದೆ. ನಮ್ಮಲ್ಲಿ ಅದು ಮುಗಿದ ಮೇಲೆ ಇನ್ನೊಂದು ಇತ್ತು. ದೊಡ್ಡ ಮಿಸ್ಸು ಮಕ್ಕಳನ್ನೆಲ್ಲ ಕಟ್ಟಡದ ಹಿಂದೆ ಬಿಸಿಲು ಬೀಳುವ ಕಡೆಗೆ ಕರೆದುಕೊಂಡು ಹೋಗಿ, "ಈಗ ಮನೆವಾರ್ತೆ" ಎನ್ನುವರು. ಕೈಗಳು ಏಳುತ್ತಿದ್ದವು. ಹಸು ಕರು ಹಾಕಿದ್ದು, ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದ್ದು, ಅಕ್ಕನನ್ನು ನೋಡಲು ಹೊಳೆನರಸೀಪುರದಿಂದ ಗಂಡಿನವರು ಬಂದು ಹೋಗಿದ್ದು, ಅಪ್ಪ ಹೊಗೆಸೊಪ್ಪಿನ ಹರಾಜಿಗೆ ಹೋದವನು ಸ್ವೆಟರ್ ತಂದಿದ್ದು, ಎಲ್ಲವೂ ಹೊರಬರುತ್ತಿತ್ತು. ಪ್ರತಿಯೊಂದಕ್ಕೂ ಅವರು ಒಂದು ಪ್ರಶ್ನೆ ಕೇಳುವರು. ಕರು ಹೆಣ್ಣೋ ಗಂಡೋ? ಅಜ್ಜಿ ಈಗ ನಿನ್ನ ಗುರುತು ಹಿಡೀತಾರಾ? ಕೇಳಿ ಸುಮ್ಮನಾಗುವವರೂ ಅಲ್ಲ. ಸಂಜೆ ಬಸ್ಸಿಗೆ ಮುಂಚೆ ಆ ಮನೆಯ ಬಾಗಿಲಲ್ಲಿ ನಿಂತು ವಿಚಾರಿಸಿಕೊಂಡೇ ಬರುವರು.

ಇದನ್ನೆಲ್ಲ ಯಾಕೆ ಶುರು ಮಾಡಿದಿರಿ ಎಂದು ಕೇಳಿದ್ದೆ. "ಮಗು ಬರೋದು ಮನೆಯಿಂದ ತಾನೆ? ಮನೇಲಿ ಏನಾಗಿದೆ ಅಂತ ಗೊತ್ತಿಲ್ದೆ ಅದಕ್ಕೆ ಏನು ಪಾಠ ಹೇಳೋದು?" ಎಂದರು. ಅದಕ್ಕಿಂತ ಹೆಚ್ಚಿನ ಕಾರಣವನ್ನು ಅವರು ಎಂದೂ ಹೇಳಲಿಲ್ಲ.

ಒಂದು ಧನುರ್ಮಾಸದಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೂರನೇ ಕ್ಲಾಸಿನ ಒಬ್ಬ ಹುಡುಗಿಯ ತಾಯಿ ಎರಡನೇ ಹೆರಿಗೆಗೆಂದು ಹೊಳೆನರಸೀಪುರದ ಕಡೆಯ ತವರಿಗೆ ಹೋಗಿದ್ದಳು. ಮಗು ಹುಟ್ಟಿತು. ಆದರೆ ತಾಯಿಗೆ ರಕ್ತ ನಿಲ್ಲದೆ, ಹಾಸನಕ್ಕೆ ಸಾಗಿಸುವ ದಾರಿಯಲ್ಲೇ ಪ್ರಾಣ ಹೋಯಿತು. ತವರಿನಲ್ಲೇ ಮಣ್ಣು ಮಾಡಿ ಬಂದರು. ಹುಡುಗಿಯನ್ನು ಯಾರೂ ಕರೆದೊಯ್ಯಲಿಲ್ಲ. ಅವ್ವ ಆಸ್ಪತ್ರೇಲವ್ಳೆ, ಪಾಪು ಎತ್ಕಂಡು ಬತ್ತಾಳೆ ಎಂದು ಅವಳ ಅಜ್ಜಿ, ಅಂದರೆ ತಂದೆಯ ತಾಯಿ, ಹೇಳಿಬಿಟ್ಟಿದ್ದರು. ಊರಿಗೆಲ್ಲ ವಿಷಯ ತಿಳಿದಿತ್ತು. ಮನೆಮನೆಯಲ್ಲೂ ಮಕ್ಕಳಿಗೆ, ಬಾಯಿ ಬಿಟ್ಟೀರಿ ಜೋಕೆ ಎಂದು ಎಚ್ಚರಿಕೆ ಕೊಟ್ಟಿದ್ದರು. ನಮಗೂ ಹಿಂದಿನ ಸಂಜೆಯೇ ಸುದ್ದಿ ಬಂದಿತ್ತು. ಅವಳು ಮರುದಿನ ಶಾಲೆಗೆ ಬರುತ್ತಾಳೆಂದು ನಾವು ಎಣಿಸಿರಲಿಲ್ಲ.

ಬಂದಳು. ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕಳಿಸಿದ್ದರು. ಮನೆವಾರ್ತೆಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಅವಳ ಕೈ ಎದ್ದಿತು.

"ಮಿಸ್, ನಮ್ಮವ್ವಂಗೆ ಪಾಪು ಆಗ್ಯದೆ. ಗಂಡು."

ಸಾಲಿನಲ್ಲಿದ್ದ ಮಕ್ಕಳೆಲ್ಲ ತಲೆ ತಗ್ಗಿಸಿದರು. ಒಂದೇ ಒಂದು ಮಗುವೂ ಅವಳ ಮುಖ ನೋಡಲಿಲ್ಲ. ಯಾರಾದರೂ ಏನಾದರೂ ಅಂದಾರೆಂದು ಹುಡುಗಿ ಅತ್ತ ಇತ್ತ ತಿರುಗಿದಳು. ದೊಡ್ಡ ಮಿಸ್ಸು ಅವಳ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟು, "ಹೌದು ಕಂದ, ಗಂಡು ಮಗು. ಪಾಪು ಆರೋಗ್ಯವಾಗಿದೆಯಂತೆ" ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಅವತ್ತು ಅವರು ಬೇರೆ ಯಾರ ವಾರ್ತೆಯನ್ನೂ ಕೇಳಲಿಲ್ಲ. ಮಕ್ಕಳನ್ನು ಒಳಗೆ ಕಳಿಸಿ, ನನಗೆ ಎಲ್ಲ ಕ್ಲಾಸುಗಳನ್ನೂ ಒಪ್ಪಿಸಿ, ಹುಡುಗಿಯ ಮನೆಗೆ ಹೊರಟರು.

ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಅಜ್ಜಿ ಮೊದಲು ಒಪ್ಪಲೇ ಇಲ್ಲ. ಎಳೇ ಕೂಸು, ಅದಕ್ಕೇನು ತಿಳಿಯುತ್ತದೆ, ತಿಥಿ ಆಗಲಿ, ನಿಧಾನಕ್ಕೆ ಹೇಳಿದರಾಯಿತು ಎಂದರಂತೆ. ಊರಿನವರೆಲ್ಲ ತಿಳಿದಿರುವುದು ಅವಳೊಬ್ಬಳಿಗೆ ಮಾತ್ರ ತಿಳಿದಿಲ್ಲ, ನಾಳೆ ಇದು ಗೊತ್ತಾದಾಗ ಆ ಮಗು ಈ ಊರಿನಲ್ಲಿ ಯಾರನ್ನು ನಂಬಬೇಕು ಎಂದು ಇವರು ಕೇಳಿದರು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡರು. ಅಷ್ಟೂ ಹೊತ್ತು ಗೋಡೆಗೆ ಒರಗಿ ಕೂತಿದ್ದ ತಂದೆ ಆಗ ಬಾಯಿ ಬಿಟ್ಟ.

"ನನ್ ಬಾಯಲ್ಲಿ ಬರಾಕಿಲ್ಲ ಮೇಡಂ. ನೀವೇ ಯೋಳ್ಬುಡಿ."

"ನಾನು ಪಕ್ಕದಲ್ಲಿ ಕೂತಿರ್ತೀನಪ್ಪ. ಹೇಳ್ಬೇಕಾದವರು ನೀವು. ಅವಳು ನಾಳೆಯಿಂದ ಬದುಕಬೇಕಾಗಿರೋದು ನಿಮ್ಮ ಜೊತೆ" ಎಂದರು ಇವರು.

ಮಧ್ಯಾಹ್ನ ಅವರೇ ಶಾಲೆಗೆ ಬಂದು ಹುಡುಗಿಯನ್ನು ಕರೆದುಕೊಂಡು ಹೋದರು. ತಂದೆ ಹೇಳಿದ. ಹೇಗೆ ಹೇಳಿದ, ಎಷ್ಟು ಸಲ ನಿಲ್ಲಿಸಿದ ಎಂಬುದನ್ನು ದೊಡ್ಡ ಮಿಸ್ಸು ನನಗೆ ಬಿಡಿಸಿ ಹೇಳಲಿಲ್ಲ. ಹುಡುಗಿ ಮೊದಲು ಅಳಲೇ ಇಲ್ಲವಂತೆ. ಅಪ್ಪನ ಮುಖವನ್ನೇ ನೋಡುತ್ತ, "ಹಂಗಾರೆ ಪಾಪೂಗೆ ಹಾಲು ಯಾರ್ ಕೊಡ್ತಾರಪ್ಪ?" ಎಂದು ಕೇಳಿದಳಂತೆ. ಅದಾದ ಮೇಲೇ ಅವಳಿಗೆ ಅಳು ಬಂದದ್ದು. ಅಪ್ಪ ಅವಳನ್ನು ತೊಡೆಯ ಮೇಲೆ ಎಳೆದುಕೊಂಡ.

ದೊಡ್ಡ ಮಿಸ್ಸು ರಾಮನಾಥಪುರಕ್ಕೆ ಬಂದಾಗ ದೀಪ ಹಚ್ಚಿಯಾಗಿತ್ತು. ಹೊತ್ತು ಮುಳುಗಿದ್ದರಿಂದ ಅವತ್ತು ಅವರಿಗೆ ಊಟವಿಲ್ಲ. ಶಾಲೆಗೆ ತಂದಿದ್ದ ಡಬ್ಬಿಯೂ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಹಾಲಾದರೂ ಕುಡಿಯಿರಿ ಎಂದು ನಾನು ಬೇಡಿಕೊಂಡೆ. ಬೇಡವೆಂದು ಕೈ ಅಲ್ಲಾಡಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಹುಡುಗಿ ಮತ್ತೆ ಶಾಲೆಗೆ ಬರುವ ಹಿಂದಿನ ದಿನ ಅವರು ಉಳಿದ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರು. ಅವಳು ಅಮ್ಮನ ವಿಷಯ ಎತ್ತಿದರೆ ಕೇಳಿಸಿಕೊಳ್ಳಿ, ಎತ್ತದಿದ್ದರೆ ಆಟಕ್ಕೆ ಕರೆಯಿರಿ, ಅವಳನ್ನು ನೋಡಿ ಮಾತ್ರ ಮುಖ ತಿರುಗಿಸಬೇಡಿ ಎಂದರು. ಮರುದಿನ ಹುಡುಗಿ ತಾನಾಗಿಯೇ ಕೈ ಎತ್ತಿದಳು. "ನಮ್ಮವ್ವ ತೀರ್ಕಂಡ್ಳು ಮಿಸ್. ಪಾಪು ಅಮ್ಮಮ್ಮನ ಊರಲ್ಲಿ ಅದೆ" ಎಂದಳು. ಈ ಸಲ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಮೇಲೆ ಒಂದನೇ ಕ್ಲಾಸಿನ ಪುಟ್ಟನೊಬ್ಬ ಎದ್ದು ನಿಂತು, ನಮ್ಮನೇಲಿ ಇವತ್ತು ಅವರೆಕಾಳಿನ ಉಪ್ಪಿಟ್ಟು ಎಂದು ಗಟ್ಟಿಯಾಗಿ ಸಾರಿದ. ಮಕ್ಕಳು ನಕ್ಕರು. ಆ ಹುಡುಗಿಯ ತುಟಿಯೂ ಅಲುಗಿದ್ದನ್ನು ನಾನು ಕಂಡೆ.

ಅವಳೀಗ ರಾಮನಾಥಪುರದಲ್ಲಿ ಹೈಸ್ಕೂಲು ಓದುತ್ತಿದ್ದಾಳೆ. ಅಂದು ಹುಟ್ಟಿದ ಗಂಡುಮಗು ನಮ್ಮ ಶಾಲೆಗೇ ಸೇರಿದ. ಅವನು ಒಂದನೇ ಕ್ಲಾಸಿಗೆ ಬಂದ ವರ್ಷವೇ ದೊಡ್ಡ ಮಿಸ್ಸಿಗೆ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಹಾಸನಕ್ಕೆ ಓಡಾಡಿದರು, ಕೂದಲು ಉದುರಿತು. ರಜೆ ಹಾಕುವ ಮೊದಲು ಒಂದು ಬೆಳಗ್ಗೆ ಮಕ್ಕಳ ಮುಂದೆ ನಿಂತರು.

"ಇವತ್ತು ನಮ್ಮನೆ ವಾರ್ತೆ ನಾನು ಹೇಳ್ತೀನಿ. ನನಗೆ ದೊಡ್ಡ ಕಾಯಿಲೆ ಆಗಿದೆ. ಔಷಧಿ ತಗೋತಾ ಇದೀನಿ. ವಾಸಿ ಆಗ್ಬಹುದು, ಆಗ್ದೇನೂ ಇರ್ಬಹುದು."

ಆ ತಾಯಿಯಿಲ್ಲದ ಹುಡುಗ ಮುಂದಿನ ಸಾಲಿನಲ್ಲಿದ್ದ. ನೋವಾಯ್ತದಾ ಮಿಸ್ ಎಂದು ಕೇಳಿದ. ಆಗುತ್ತೆ, ನೀವೆಲ್ಲ ಮಾತಾಡುವಾಗ ಕಡಿಮೆ ಆಗುತ್ತೆ ಎಂದರು. ಅವತ್ತು ಅವರು ಅವನ ಪಕ್ಕದಲ್ಲೇ ಕೂತು ಊಟ ಮಾಡಿದರು.

ಹೋದ ಚಳಿಗಾಲದಲ್ಲಿ, ಬೆಳಗೊಳದ ಹತ್ತಿರದ ತಮ್ಮನ ಮನೆಯಲ್ಲಿ ಅವರು ತೀರಿಕೊಂಡರು. ನಾನು ಅಂತ್ಯಕ್ರಿಯೆಗೆ ಹೋಗಿ ಬಂದು, ಮರುದಿನ ಪ್ರಾರ್ಥನೆಯಾದ ಮೇಲೆ ಮಕ್ಕಳಿಗೆ ಹೇಳಿದೆ. ದೊಡ್ಡ ಮಿಸ್ಸು ಸತ್ತುಹೋದರು ಎಂದೇ ಹೇಳಿದೆ. ದೇವರ ಹತ್ತಿರ ಹೋದರು, ನಕ್ಷತ್ರವಾದರು ಎನ್ನಲಿಲ್ಲ. ಕೆಲವರು ಅತ್ತರು. ನಾನೂ ಅವರ ಮುಂದೆಯೇ ಅತ್ತೆ.

ಹಾಗೆ ಹೇಳುವುದನ್ನು ನಾನು ಕಲಿತದ್ದು ನನ್ನ ಅಪ್ಪ ಹೋದ ದಿನ. ನಾನಿನ್ನೂ ಅವರ ಮುಂದಿನ ಕೋಣೆಯಲ್ಲಿದ್ದ ಕಾಲ. ಅಣ್ಣ ಅವರ ಫೋನಿಗೆ ಮಾಡಿ, ಅಪ್ಪ ಬೆಳಗ್ಗೆ ತೀರಿಕೊಂಡರು, ತಂಗಿ ಅಷ್ಟು ದೂರ ಒಬ್ಬಳೇ ಬರಬೇಕಲ್ಲ, ಸೀರಿಯಸ್ ಎಂದಷ್ಟೇ ಹೇಳಿ ಕಳಿಸಿ ಎಂದು ಕೇಳಿಕೊಂಡಿದ್ದ. ಅವರು ನನ್ನನ್ನು ಕ್ಲಾಸಿನಿಂದ ಹೊರಗೆ ಕರೆದು ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ತಂದೆ ತೀರ್ಕೊಂಡಿದ್ದಾರೆ ಟೀಚರ್. ಸೀರಿಯಸ್ ಅಂತ ಹೇಳಿ ಅಂದ್ರು ನಿಮ್ಮಣ್ಣ. ನನಗೆ ಹಾಗೆ ಹೇಳೋಕಾಗಲ್ಲ. ನಡೀರಿ, ನಾನೂ ಬರ್ತೀನಿ."

ಪಕ್ಕದ ಊರಿನ ಶಾಲೆಯ ಮೇಷ್ಟ್ರನ್ನು ಕರೆಸಿ ಮಕ್ಕಳನ್ನು ಒಪ್ಪಿಸಿದರು. ಹೊಳೆನರಸೀಪುರದಲ್ಲಿ ಒಂದು ಬಸ್ಸು, ಚನ್ನರಾಯಪಟ್ಟಣದಲ್ಲಿ ಇನ್ನೊಂದು ಬಸ್ಸು ಬದಲಾಯಿಸಿದೆವು. ದಾರಿಯುದ್ದಕ್ಕೂ ಅವರು ಒಂದು ಸಮಾಧಾನದ ಮಾತನ್ನೂ ಆಡಲಿಲ್ಲ. ಅಪ್ಪ ಏನು ಬೆಳೆಯುತ್ತಿದ್ದರು, ನನ್ನನ್ನು ಏನೆಂದು ಕರೆಯುತ್ತಿದ್ದರು, ಕೊನೆಯ ಸಲ ಏನು ಮಾತಾಡಿದರು ಎಂದು ಒಂದೊಂದಾಗಿ ಕೇಳುತ್ತ ಹೋದರು. ನಾನು ಹೇಳುತ್ತ ಅತ್ತೆ, ಅಳುತ್ತ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರೂ ನನಗೆ ನಾಚಿಕೆಯಾಗಲಿಲ್ಲ. ಬಾಗೂರಿನಲ್ಲಿ ಇಳಿಯುವ ಹೊತ್ತಿಗೆ ಆ ಮೊದಲ ಅಳು ಇಳಿದಿತ್ತು. ಅಂಗಳದಲ್ಲಿ ಜನ ಸೇರಿದ್ದರು. ಅಪ್ಪನ ಪಕ್ಕ ಕೂತಿದ್ದ ಅಮ್ಮ ನನ್ನನ್ನು ಕಂಡವಳೇ ಎದ್ದು ಬರಲು ಹೋಗಿ ಕುಸಿದಳು. ಅವಳು ನೆಲಕ್ಕೆ ಬೀಳುವ ಮೊದಲೇ ನಾನು ಹೋಗಿ ಹಿಡಿದುಕೊಂಡೆ.