ಫೋಟೋದಲ್ಲಿದ್ದ ಹೂವಿನ ಬುಟ್ಟಿ

ಖಾನಾಪುರದಿಂದ ಮೊದಲ ಬಸ್ಸಿಗೆ ಬಂದು, ಬೆಳಗಾವಿಯಲ್ಲಿ ನಮ್ಮ ಬ್ಯಾಂಕಿನ ಎದುರು ಗೆಣಸು ಮಾರುತ್ತಿದ್ದ ಹೆಂಗಸು ಆಕೆ. ತಕ್ಕಡಿ ಪೂರ್ತಿ ನಿಲ್ಲುವವರೆಗೆ ಕಾಯುತ್ತಿದ್ದಳು. ಗಿರಾಕಿ ಅವಸರ ಮಾಡಿದರೆ, "ತಡೀರಿ, ಖರೇ ತೂಕ ಕಾಣವಲ್ದು" ಎನ್ನುತ್ತಿದ್ದಳು.

ಬೀದಿ ವ್ಯಾಪಾರಿಗಳ ಸಾಲಕ್ಕೆ ಆಕೆಯ ಅರ್ಜಿ ಬರೆದವನು ನಾನೇ. ಆಕೆ ಕೂತು ಮಾರುವ ಜಾಗದ ಫೋಟೋ ಬೇಕಿತ್ತು. ತೆಗೆಯಲು ಹೋದರೆ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ತಲೆ ಬಾಚಿಕೊಂಡು, ಹೊಸ ಸೀರೆಯುಟ್ಟು ಕುಳಿತಿದ್ದಳು. ಗೆಣಸಿನಾಕೆಯೇ ಅವಳನ್ನು ಫೋಟೋಕ್ಕೆಂದು ಕರೆಸಿದ್ದಳು.

"ಮುಂಜಾನಿ ನಾ ಕುಂದರ್ತೀನಿ, ಸಂಜಿಗೆ ಈ ಅಕ್ಕಾ ಹೂವು ಮಾರ್ತಾಳ್ರೀ. ಜಾಗಾ ಇಬ್ಬರದೂ ಐತಿ."

"ಒಬ್ಬರದ ಫೋಟೋ ಬೇಕ್ರೀ. ಇಬ್ಬರಿದ್ರ ಅರ್ಜಿ ವಾಪಸ್ ಬರ್ತೈತಿ," ಎಂದೆ.

ಹೂವಿನಾಕೆ ತಾನಾಗಿಯೇ ಎದ್ದು ದೂರ ನಿಂತಳು. ಗೆಣಸಿನಾಕೆ ಅವಳು ಬಿಟ್ಟುಹೋದ ಖಾಲಿ ಹೂವಿನ ಬುಟ್ಟಿಯನ್ನು ತನ್ನ ತಕ್ಕಡಿಯ ಪಕ್ಕಕ್ಕೆ ಎಳೆದುಕೊಂಡಳು.

"ಈಗ ತೆಗೀರಿ. ಈಗ ಖರೇ ಐತಿ."

ಸಾಲ ಮಂಜೂರಾಯಿತು. ಬುಟ್ಟಿ ಯಾರದೆಂದು ಯಾರೂ ಕೇಳಲಿಲ್ಲ. ಅರ್ಜಿಯಲ್ಲಿ 'ಈ ಸ್ಥಳದಲ್ಲಿ ಅರ್ಜಿದಾರರೊಬ್ಬರೇ ವ್ಯಾಪಾರ ಮಾಡುತ್ತಾರೆ' ಎಂದು ಬರೆದು, ಕೆಳಗೆ ಸಹಿ ಹಾಕಿದವನು ನಾನು.