ಯಜಮಾನರ ಅಭಿಪ್ರಾಯ

ಮಗಳ ಶಾಲೆಯಿಂದ ಒಂದು ಫಾರಂ ಬಂದಿದೆ. ಶಾಲೆಯನ್ನು ಇನ್ನು ಹೇಗೆ ಬೆಳೆಸಬೇಕೆಂದು ಮನೆಯ ಯಜಮಾನರು ಬರೆದು ತಿಳಿಸಬೇಕಂತೆ. ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಮೇಜು ಒರೆಸಿ, ಪೆನ್ನಿಗೆ ಶಾಯಿ ತುಂಬಿ, ಗಂಭೀರವಾಗಿ ಎಲ್ಲ ಅಂಕಣಗಳನ್ನೂ ತುಂಬಿದೆ. ಆ ಶಾಯಿಯ ವಾಸನೆ ನನ್ನನ್ನು ಸೀದಾ ನಾನು ಮೊದಲು ಕೆಲಸಕ್ಕೆ ಸೇರಿದ ಮಂಡಿ ಮೊಹಲ್ಲಾಕ್ಕೆ ಎಳೆದೊಯ್ದಿತು.

ಸ್ವಾತಂತ್ರ್ಯ ಬಂದ ಹೊಸತು. ನಾನೂ ಹೊಸ ಮೇಷ್ಟ್ರು. ಅಲ್ಲಿ ದೊಡ್ಡ ಬೀದಿಯ ಹಳೇ ಹೆಣ್ಣುಮಕ್ಕಳ ಶಾಲೆಗೆ ಹೊಸ ಕಟ್ಟಡ ಏಳುವುದಿತ್ತು. ಪ್ರಜಾಪ್ರಭುತ್ವವಲ್ಲವೇ, ಜನರನ್ನು ಕೇಳದೆ ಇಟ್ಟಿಗೆ ಇಡುವಂತಿಲ್ಲ. ಕೇಳುವ ಕೆಲಸ ನನ್ನ ಪಾಲಿಗೆ ಬಿತ್ತು. ಕರೀ ಕೋಟು, ಕೊಡೆ, ಕಂಕುಳಲ್ಲಿ ಫಾರಂಗಳ ಕಟ್ಟು. ದೇಶದ ಭವಿಷ್ಯವೇ ಅಲ್ಲಿ ಬೆವರುತ್ತಿದೆ ಎಂಬ ಭಾವ.

ಬೆಲ್ಲದ ಮಂಡಿಯ ಗುಮಾಸ್ತರಾದ ಪುಟ್ಟಸ್ವಾಮಪ್ಪನವರು ಜಗಲಿಯ ಮೇಲೆ ಕುಳಿತೇ ಹೇಳಿದರು: "ಎಲ್ಲಾ ಚೆನ್ನಾಗದೆ ಅಂತ ಬರ್ಕೊಳ್ಳಿ ಮೇಷ್ಟ್ರೇ. ಹೊಸ ಶಾಲೆ ಬಾಗ್ಲು ಮಾತ್ರ ದೊಡ್ಡ ಬೀದಿಗೇ ಇರ್ಲಿ, ಗತ್ತಾಗಿರ್ತದೆ."

ಮನೆಯ ಬಾಗಿಲ ಹಿಂದೆ ಅವರ ಹೆಂಡತಿಯ ಬಳೆ ಸದ್ದಾಯಿತು. "ಗತ್ತು ಇಟ್ಕೊಂಡು ಏನ್ಮಾಡೋದು? ಅಲ್ಲಿ ಬೆಳಗಾದ್ರೆ ಬೆಲ್ಲದ ಗಾಡಿ ಸಾಲು. ಎತ್ತಿನ ಕಾಲಿಗೆ ಸಿಕ್ಕಿ ಬಿದ್ದು ಬಂದ್ಲು ಅಂತಲ್ವಾ ನಮ್ಮ ಗೌರೀನ ಮೂರನೇ ಕ್ಲಾಸಿಗೇ ಬಿಡಿಸ್ಬುಟ್ಟಿದ್ದು? ಹಿಂದಿನ ಗಲ್ಲೀಗೆ ಒಂದು ಬಾಗ್ಲು ಇಡ್ಸಿ ಮೇಷ್ಟ್ರೇ, ಅವತ್ತೇ ಕಳಿಸ್ತೀನಿ."

"ನಿನ್ನನ್ನ ಯಾರೇ ಕೇಳಿದ್ದು?" ಎಂದರು ಪುಟ್ಟಸ್ವಾಮಪ್ಪನವರು.

"ಯಾರೂ ಕೇಳ್ಲಿಲ್ಲ. ಅದಕ್ಕೇ ಹೇಳ್ತಿರೋದು ಕಣ್ರೀ."

ಬಾಗಿಲ ಹಿಂದಿನವರಿಗೆಂದು ನನ್ನ ಫಾರಂನಲ್ಲಿ ಅಂಕಣವಿರಲಿಲ್ಲ. ಬೀದಿಯ ಯಜಮಾನರೆಲ್ಲ ಗತ್ತಿನ ಬಾಗಿಲಿಗೇ ಸಹಿ ಹಾಕಿದ್ದರು. ಅಂಚಿನಲ್ಲಿ ಸಣ್ಣಗೆ ಬರೆದುಕೊಂಡೆ: 'ಹಿಂದಿನ ಗಲ್ಲಿಗೂ ಒಂದು ಬಾಗಿಲು ಬೇಕು. ಹೇಳಿದವರು, ಗೌರಿಯ ತಾಯಿ.' ಆಮೇಲೆ ಮುಗಿಸಿದ ಮನೆಗಳಿಗೇ ಮತ್ತೆ ಹೋಗಿ, ಕೊಡೆ ಮಡಿಸಿಕೊಂಡು, ಬಾಗಿಲ ಹಿಂದಕ್ಕೆ ಪ್ರಶ್ನೆ ಹಾಕಿದೆ. ಅಂಚುಗಳೆಲ್ಲ ಭರ್ತಿಯಾದವು.

"ಅಂಚು ಇರೋದು ದಾರ ಪೋಣಿಸೋಕೆ ಕಣ್ರೀ, ಪುರಾಣ ಬರಿಯೋಕಲ್ಲ," ಎಂದು ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಬೈದರು. ಬೈಯುತ್ತಲೇ ಅಷ್ಟನ್ನೂ ಓದಿದರು.

ಕಟ್ಟಡ ಎದ್ದಿತು. ದೊಡ್ಡ ಬೀದಿಗೆ ಕಮಾನಿನ ಬಾಗಿಲು. ಹಿಂದಿನ ಗೋಡೆಯಲ್ಲಿ, ತಲೆ ತಗ್ಗಿಸಿ ನುಗ್ಗುವಷ್ಟು ಇನ್ನೊಂದು. ಹೊಸ ಶಾಲೆ ತೆರೆದ ದಿನ ನಾವು ಕಮಾನಿನ ಕೆಳಗೆ ಹಾರ ಹಿಡಿದು ಗಣ್ಯರಿಗಾಗಿ ಕಾಯುತ್ತಿದ್ದರೆ, ಮಕ್ಕಳೆಲ್ಲ ಹಿಂದಿನಿಂದ ಬಂದು ಆಗಲೇ ಕುಳಿತಾಗಿತ್ತು. ಹಾಜರಿ ಕೂಗಿದಾಗ ಮೂರನೇ ಕ್ಲಾಸಿನಲ್ಲಿ, ಉಳಿದವರಿಗಿಂತ ಒಂದು ಗೇಣು ಎತ್ತರದವಳೊಬ್ಬಳು ಎದ್ದು ನಿಂತಳು. "ಗೌರಿ, ಸಾರ್."

ಇಷ್ಟು ನೆನೆದು ಕಣ್ಣೆದುರಿನ ಫಾರಂ ನೋಡಿದೆ. ಯಜಮಾನರ ಅಭಿಪ್ರಾಯ ಬಹಳ ಗತ್ತಿನಿಂದ ಕುಳಿತಿತ್ತು. ಅದನ್ನೆತ್ತಿಕೊಂಡು ಅಡುಗೆಮನೆಗೆ ಹೋದೆ.

"ಅಲ್ಲಾ ಕಣೇ, ಮಗಳ ಶಾಲೆಗೆ ಏನೇನು ಆಗಬೇಕು?"

ಹೆಂಡತಿ ಸೌಟು ಕೆಳಗಿಟ್ಟಳು. "ಬರ್ಕೊಳ್ಳಿ," ಎಂದಳು.

ಅಂಚು ಸಾಲದೆ, ಈಗ ಫಾರಂ ಹಿಂಬದಿಗೆ ತಿರುಗಿಸಿದ್ದೇನೆ.